ಚಂದ್ರಮೌಳಿ ಟಾಕೀಸಿನ ಹನ್ನೆರಡು ಅಡಿ

ಚಂದ್ರಮೌಳಿ ಟಾಕೀಸು ಮೊದಲು ಹತ್ತಿ ಹಿಂಜುವ ಗಿರಣಿಯಾಗಿತ್ತು. ಗಿರಣಿ ನಿಂತ ಮೇಲೆ ಶಿವಯೋಗೆಪ್ಪ ಅಂಗಡಿಯವರು ಯಂತ್ರಗಳನ್ನು ಮಾರಿ, ಗೋಡೆಗಳಿಗೆ ಸುಣ್ಣ ಹೊಡೆಸಿ, ಮೂಡಲ ಗೋಡೆಗೆ ಬಿಳಿ ಪರದೆ ಕಟ್ಟಿಸಿದರು. ಮೊದಲ ಎರಡು ವರ್ಷ ತೊಲೆಗಳ ಸಂದಿಯಿಂದ ಹತ್ತಿಯ ಎಳೆ ಉದುರುತ್ತಲೇ ಇತ್ತು. ಆಟ ಬಿಟ್ಟಾಗ ಜನ ತಲೆ ಕೊಡವಿಕೊಂಡು ಹೊರಗೆ ಬರುತ್ತಿದ್ದರು. ನಾನು ಆಪರೇಟರಾಗಿ ಸೇರಿದ್ದು ಶುರುವಿನಲ್ಲೇ. ನಮ್ಮದು ಪತ್ತಾರರ ಮನೆ. ಬಂಗಾರದ ಸಣ್ಣ ಕೆಲಸ ಬಲ್ಲ ಕೈಗೆ ಹರಿದ ರೀಲು ಜೋಡಿಸುವುದೂ ಬಂದೀತು ಎಂದು ಶಿವಯೋಗೆಪ್ಪನವರು ನನ್ನ ಅಪ್ಪನಿಗೆ ಹೇಳಿ ನನ್ನನ್ನು ಕರೆದುಕೊಂಡರು. ಮೂವತ್ತಮೂರು ವರ್ಷ ಆ ಕ್ಯಾಬಿನ್ನಿನಲ್ಲೇ ಕಳೆದೆ.

ಟಾಕೀಸು ತೆರೆದ ಎಂಟನೆಯ ತಿಂಗಳಲ್ಲಿ ಅದು ಶುರುವಾಯಿತು. ಒಂದು ಸಿನಿಮಾದ ತರಕಾರಿ ಮಾರುಕಟ್ಟೆಯ ದೃಶ್ಯದಲ್ಲಿ, ನಾಯಕಿಯ ಬೆನ್ನ ಹಿಂದೆ, ತಿಂಗಳ ಹಿಂದೆ ತೀರಿಕೊಂಡಿದ್ದ ಕೊಟ್ರಪ್ಪ ಮಾಸ್ತರರು ಚೀಲ ಹಿಡಿದು ನಿಂತಿದ್ದರು. ಬದನೆಕಾಯಿ ಆರಿಸುತ್ತಿದ್ದರು. ನೋಡಿದವರು ಹೋಗಿ ಅವರ ಹೆಂಡತಿಗೆ ಹೇಳಿ, ಮರುದಿನ ಮ್ಯಾಟಿನಿಗೆ ಕರೆತಂದರು. ಆಕೆ ದೃಶ್ಯ ಬಂದಾಗ ಎದ್ದು ನಿಂತು, "ಅಯ್ಯ, ಬದನಿಕಾಯಿ ಕಂಡ್ರ ಆಗತಿರಲಿಲ್ಲಲ್ಲ ಇವರಿಗೆ!" ಎಂದು ಜೋರಾಗಿ ಅಂದರು. ಆಮೇಲೆ ಕುಳಿತು ಅತ್ತರು. ಮುಂದಿನ ತಿಂಗಳು ಮದುವೆಯ ದೃಶ್ಯವೊಂದರಲ್ಲಿ ಹೂಗಾರರ ಮನೆಯ ಮುದುಕಿ ಬಂದಳು. ಅಲ್ಲಿಂದ ಮುಂದೆ ಊರಿನಲ್ಲಿ ಸತ್ತವರು ವರ್ಷದೊಳಗೆ ಯಾವುದಾದರೂ ಸಿನಿಮಾದ ಜನಜಂಗುಳಿಯಲ್ಲಿ ನಾಲ್ಕೋ ಎಂಟೋ ಸೆಕೆಂಡು ಕಾಣಿಸಿಕೊಳ್ಳುತ್ತಿದ್ದರು. ಆ ಪ್ರಿಂಟು ನಮ್ಮ ಟಾಕೀಸಿನಲ್ಲಿ ಇರುವಷ್ಟು ದಿನ ಪ್ರತಿ ಆಟದಲ್ಲೂ ಇರುತ್ತಿದ್ದರು. ರೀಲಿನ ಪೆಟ್ಟಿಗೆ ಊರು ಬಿಟ್ಟರೆ ಮುಗಿಯಿತು. ತಾಯಿಯನ್ನು ಇನ್ನೊಮ್ಮೆ ನೋಡಬೇಕೆಂದು ಒಬ್ಬ ಪೆಟ್ಟಿಗೆಯ ಹಿಂದೆಯೇ ಮುಂದಿನ ಊರಿಗೆ ಹೋಗಿ ಆಟ ನೋಡಿ ಬಂದ. ತಾಯಿ ಇದ್ದ ಜಾಗದಲ್ಲಿ ಬರಿಯ ಬಾಳೆಹಣ್ಣಿನ ಗಾಡಿ ಇತ್ತಂತೆ. ರೀಲನ್ನು ಬೆಳಕಿಗೆ ಹಿಡಿದು ನಾನೂ ನೋಡಿದ್ದೇನೆ. ಅದರಲ್ಲಿ ಯಾರೂ ಇರುತ್ತಿರಲಿಲ್ಲ. ಪರದೆಯ ಮೇಲೆ ಮಾತ್ರ ಬರುತ್ತಿದ್ದರು.

ಊರು ಬೇಗ ಹೊಂದಿಕೊಂಡಿತು. ನಾಯಕ ಹಾಡುವಾಗ, ಹೊಡೆದಾಡುವಾಗ ಜನ ಮಾತಾಡಿಕೊಳ್ಳುತ್ತಿದ್ದರು, ಶೇಂಗಾ ತರಲು ಹೊರಗೆ ಹೋಗುತ್ತಿದ್ದರು. ಸಂತೆಯೋ ಬಸ್‌ಸ್ಟ್ಯಾಂಡೋ ಬಂದ ಕೂಡಲೇ ಕೆಮ್ಮು ಸಹ ಕೇಳುತ್ತಿರಲಿಲ್ಲ. ಒಂದೇ ಬಂಗಲೆಯಲ್ಲಿ ನಾಲ್ಕೇ ಪಾತ್ರಗಳಿದ್ದ ಪತ್ತೇದಾರಿ ಸಿನಿಮಾ ಬೇರೆ ಊರುಗಳಲ್ಲಿ ನೂರು ದಿನ ಓಡಿದ್ದು ನಮ್ಮಲ್ಲಿ ಒಂದೇ ದಿನಕ್ಕೆ ಬಿತ್ತು. ಪೆಟ್ಟಿಗೆಯ ಜೊತೆ ಬರುತ್ತಿದ್ದ ಕಂಪನಿಯ ಮನುಷ್ಯನಿಗೆ ಇದು ಕೊನೆಗೂ ಅರ್ಥವಾಗಲಿಲ್ಲ. ಯುದ್ಧದ ಸಿನಿಮಾ ತರಬೇಡಿ ಎಂದು ಹಿರಿಯರು ಶಿವಯೋಗೆಪ್ಪನವರನ್ನು ಕೇಳಿಕೊಂಡರು; ಎಂಬತ್ತು ವರ್ಷದ ಮುದುಕಿಯೊಬ್ಬಳು ಬಂದೂಕು ಹಿಡಿದು ಓಡಿದ್ದನ್ನು ನೋಡಿ ಅವಳ ಮೊಮ್ಮಕ್ಕಳು ಮೂರು ದಿನ ಊಟ ಬಿಟ್ಟಿದ್ದರು. ಜಟಕಾದಲ್ಲಿ ಮೈಕು ಕಟ್ಟಿಕೊಂಡು ಓಣಿ ಓಣಿ ಕೂಗುತ್ತಿದ್ದ ವಿರೂಪಾಕ್ಷಿ ನಾಯಕ ನಾಯಕಿಯರ ಹೆಸರನ್ನೇ ಹೇಳುತ್ತಿರಲಿಲ್ಲ. "ಬರ್ರಿ, ನೋಡ್ರಿ! ಎರಡು ಸಂತಿ, ಒಂದು ಮದುವಿ, ಕಡೀಕ ಇಲೆಕ್ಷನ್ ಮೆರವಣಿಗಿ!" ಎಂದು ಕೂಗಿದರೆ ಸಾಕಾಗುತ್ತಿತ್ತು.

ಕ್ರಮೇಣ ಅದು ಕಟ್ಟಳೆಯೂ ಆಯಿತು. ಪರದೆಯ ಮೇಲೆ ಕಂಡ ಮೇಲೆಯೇ ಹೆಂಡತಿ ಬಳೆ ತೆಗೆಯುವುದು, ಕಂಡ ಮೇಲೆಯೇ ಗಂಡಾಗಲಿ ಹೆಣ್ಣಾಗಲಿ ಇನ್ನೊಂದು ಮದುವೆಯ ಮಾತಾಡುವುದು. ಸೈನ್ಯಕ್ಕೆ ಸೇರಿ ದೂರದಲ್ಲಿ ಸತ್ತ ಒಬ್ಬ ಹುಡುಗನೂ ಹಾಡಿನ ದೃಶ್ಯವೊಂದರಲ್ಲಿ ಕಂಡಿದ್ದರಿಂದ, ಊರು ಬಿಟ್ಟು ಹೋದವರೂ ಸತ್ತರೆ ಇಲ್ಲಿಗೇ ಬರುತ್ತಾರೆ ಎಂದು ಎಲ್ಲರೂ ಒಪ್ಪಿದ್ದರು. ಹಾಗಾಗಿ ಪರದೆಯ ಮೇಲೆ ಕಾಣದವರು ಬದುಕಿದ್ದಾರೆ ಎಂದೇ ಲೆಕ್ಕ.

ಕಸ್ತೂರವ್ವ ಹೆಂಗಸರ ಬಾಗಿಲಲ್ಲಿ ಟಿಕೇಟು ಹರಿಯುವ ಕೆಲಸಕ್ಕೆ ಸೇರಿದ್ದು ಈ ಲೆಕ್ಕದಿಂದಲೇ. ಅವಳ ಗಂಡ ಫಕೀರಪ್ಪ ಉಳ್ಳಾಗಡ್ಡಿ ತುಂಬಿದ ಲಾರಿಯ ಮೇಲೆ ಹೋದವನು ಮರಳಿ ಬರಲಿಲ್ಲ. ಲಾರಿ ಬಂತು. ದಾರಿಯಲ್ಲಿ ಒಂದು ಚಹಾದ ಅಂಗಡಿಯ ಬಳಿ ಇಳಿದ, ಹತ್ತಲಿಲ್ಲ ಎಂದು ಡ್ರೈವರ್ ಹೇಳಿದ. ಮನೆಯಲ್ಲಿ ಜಗಳವಿರಲಿಲ್ಲ, ಸಾಲವಿರಲಿಲ್ಲ. ಮಗಳು ಸಾವಂತ್ರಿಗೆ ಆಗ ಎಂಟು ವರ್ಷ. ಕಸ್ತೂರವ್ವ ಒಂದು ವರ್ಷ ಹುಡುಕಾಡಿ, ಆಮೇಲೆ ಬಂದು ಶಿವಯೋಗೆಪ್ಪನವರನ್ನು ಕೆಲಸ ಕೇಳಿದಳು. ಪ್ರತಿ ಶುಕ್ರವಾರ ಹೊಸ ಸಿನಿಮಾದ ಮೊದಲ ಆಟದಲ್ಲಿ ಅವಳು ಬಾಗಿಲ ಪರದೆಯನ್ನು ಒಂದು ಕೈಯಲ್ಲಿ ಸರಿಸಿ ಹಿಡಿದು ನಿಂತೇ ನೋಡುತ್ತಿದ್ದಳು. ಕೂರುತ್ತಿರಲಿಲ್ಲ. ಆಟ ಮುಗಿದ ಮೇಲೆ ಕ್ಯಾಬಿನ್ನಿನ ಕಡೆ ತಲೆಯೆತ್ತಿ, "ಇಲ್ಲ ನೋಡ್ರಿ ಅಣ್ಣಾರ, ಬಂದಿಲ್ಲ" ಎನ್ನುತ್ತಿದ್ದಳು. ಅದು ಸಂತೋಷವೋ ಬೇಸರವೋ ನನಗೆ ತಿಳಿಯುತ್ತಿರಲಿಲ್ಲ. ಬಹುಶಃ ಅವಳಿಗೂ.

ಹೀಗೆ ಹನ್ನೊಂದು ವರ್ಷ ನಡೆಯಿತು. ಸಾವಂತ್ರಿಯ ಮದುವೆ ಗೊತ್ತಾಯಿತು. ಸೋಮವಾರ ಮದುವೆ. ಅದರ ಹಿಂದಿನ ಶುಕ್ರವಾರ ಬೆಳಿಗ್ಗೆ ನಾನು ಎಂದಿನಂತೆ ಹೊಸ ಪ್ರಿಂಟನ್ನು ಖಾಲಿ ಟಾಕೀಸಿನಲ್ಲಿ ಓಡಿಸಿ, ಜೋಡಣೆ ಗಟ್ಟಿ ಇದೆಯೇ ಎಂದು ನೋಡುತ್ತಿದ್ದೆ. ಆರನೆಯ ರೀಲಿನಲ್ಲಿ ರೈಲ್ವೆ ಸ್ಟೇಷನ್ನಿನ ದೃಶ್ಯ. ನಾಯಕ ಸೂಟ್‌ಕೇಸು ಹಿಡಿದು ಬರುತ್ತಾನೆ. ಅವನ ಎಡಕ್ಕೆ ಪ್ಲಾಟ್‌ಫಾರ್ಮಿನ ನಲ್ಲಿ. ಆ ನಲ್ಲಿಯ ಮುಂದೆ ಫಕೀರಪ್ಪ ಬಗ್ಗಿ ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದ. ಕುಡಿದು, ಹೆಗಲ ಟವೆಲಿನಿಂದ ಬಾಯಿ ಒರೆಸಿಕೊಂಡು, ರೈಲು ಬರುವ ಕಡೆ ನೋಡಿದ. ತಲೆ ನೆರೆತಿತ್ತು. ಆದರೂ ಅವನೇ. ನಾನು ರೀಲು ಹಿಂದಕ್ಕೆ ಸುತ್ತಿ ಮೂರು ಸಲ ನೋಡಿದೆ.

ಮೊದಲ ಆಟಕ್ಕೆ ಇನ್ನೂ ಮೂರು ಗಂಟೆ ಇತ್ತು. ಕಸ್ತೂರವ್ವ ನೋಡಿದರೆ ಮದುವೆ ನಿಲ್ಲುತ್ತದೆ, ಇಲ್ಲವೇ ಮಗಳಿಗೆ ಅರಿಶಿನ ಹಚ್ಚುವ ಕೈ ಅವಳದಾಗಿರುವುದಿಲ್ಲ. ಅವಳು ಗೋಡೆಯ ಮೂಲೆಯಲ್ಲಿ ನಿಲ್ಲಬೇಕಾಗುತ್ತದೆ. ನಾನು ಹೆಚ್ಚು ಯೋಚಿಸಲಿಲ್ಲ. ಕತ್ತರಿ ತೆಗೆದುಕೊಂಡು ಫಕೀರಪ್ಪ ಇದ್ದ ಹನ್ನೆರಡು ಅಡಿ ಕತ್ತರಿಸಿ, ಎರಡು ತುದಿಗಳನ್ನು ಜೋಡಿಸಿದೆ. ನಾಯಕ ಗೇಟಿನಲ್ಲಿ ಕಂಡವನು ಒಮ್ಮೆಲೇ ರೈಲಿನ ಬಾಗಿಲಲ್ಲಿ ನಿಂತಿರುತ್ತಿದ್ದ. ಯಾರೂ ಗಮನಿಸಲಿಲ್ಲ. ಮದುವೆಯ ಮರುದಿನ ಮತ್ತೆ ಜೋಡಿಸಿದರಾಯಿತು ಎಂದುಕೊಂಡಿದ್ದೆ. ಆ ಸಂಜೆಯೂ ಅವಳು ಕೆಳಗಿನಿಂದ, "ಬಂದಿಲ್ಲ ನೋಡ್ರಿ ಅಣ್ಣಾರ" ಎಂದಳು. "ಹೌದವಾ" ಎಂದೆ.

ಮಂಗಳವಾರ ಕಸ್ತೂರವ್ವ ಡಬ್ಬಿಯಲ್ಲಿ ಹೋಳಿಗೆ, ಹೆರೆತುಪ್ಪ ತಂದಳು. ಕೈ ತುಂಬ ಹಸಿರು ಬಳೆ. "ಎಲ್ಲಾ ಛಲೋ ಆತ್ರಿ. ಅವರಪ್ಪ ಇದ್ದಿದ್ರ ಅಂತ ಒಂದ ಸಲ ಅನಿಸ್ತು. ಎಲ್ಲ್ಯರ ಅದಾನಲ್ಲ, ಇರಲಿ ಬಿಡು ಅಂದ್ಕೊಂಡೆ" ಎಂದು ನಕ್ಕಳು. ನಾನು ಹೋಳಿಗೆ ತಿಂದೆ. ಗುರುವಾರ ಪೆಟ್ಟಿಗೆ ವಾಪಸು ಹೋಯಿತು. ಹನ್ನೆರಡು ಅಡಿ ಸುರುಳಿ ನನ್ನ ಬಳಿ ಒಂದು ತಗಡಿನ ಡಬ್ಬಿಯಲ್ಲಿ ಉಳಿಯಿತು.

ಎರಡು ವರ್ಷದ ಮೇಲೆ ವಿರೂಪಾಕ್ಷಿ ಅವಳನ್ನು ಕೇಳಿದ. ಅವನ ಹೆಂಡತಿ ಸತ್ತು, ಪರದೆಯ ಮೇಲೂ ಬಂದು ಹೋಗಿ ಬಹಳ ದಿನವಾಗಿತ್ತು. ಮಕ್ಕಳಿರಲಿಲ್ಲ. ಇಡೀ ದಿನ ಮೈಕಿನಲ್ಲಿ ಕೂಗುವ ಮನುಷ್ಯ ಹೆಂಗಸರ ಬಾಗಿಲ ಬಳಿ ಬಂದರೆ ಪಿಸುಮಾತಿನಲ್ಲಿ ಮಾತಾಡುತ್ತಿದ್ದ. ಅವಳೂ ಅವನಿಗೆಂದು ಒಂದು ರೊಟ್ಟಿ ಹೆಚ್ಚಿಗೆ ಕಟ್ಟಿಕೊಂಡು ಬರುತ್ತಿದ್ದಳು. ಕೇಳಿದಾಗ ಮಾತ್ರ, "ಅಂವ ಪರದೆ ಮ್ಯಾಲ ಬರ್ಲಿ, ಆಮ್ಯಾಲ ನೋಡೂಣು" ಎಂದಳಂತೆ. ಅವನೇ ಚಹಾ ಕುಡಿಯುತ್ತ ನನಗೆ ಹೇಳಿದ. "ಮೌನೇಶ, ಆ ಫಕೀರಪ್ಪ ಗಟ್ಟಿ ಮನಿಶ್ಯಾ. ನೂರು ವರ್ಷ ಬದುಕ್ತಾನ" ಎಂದು ನಕ್ಕ. ನಾನು ಲೋಟ ಕೆಳಗಿಟ್ಟೆ. ಹೇಳಬಹುದಾಗಿತ್ತು. ಮರುದಿನವೂ ಹೇಳಬಹುದಾಗಿತ್ತು. ಒಂದು ವಾರ ತಡವಾದದ್ದನ್ನು ಹೇಳುವುದಕ್ಕಿಂತ ಎರಡು ವರ್ಷ ತಡವಾದದ್ದನ್ನು ಹೇಳುವುದು ಕಷ್ಟ. ಐದು ವರ್ಷವಾದರೆ ಇನ್ನೂ ಕಷ್ಟ. ಕಸ್ತೂರವ್ವನ ಮೇಲೆ ನನಗೂ ಮನಸ್ಸಿತ್ತೇ ಎಂದು ಆಮೇಲೆ ಕೆಲವರು ಕೇಳಿದರು. ಇರಲಿಲ್ಲ. ನಾನು ಅಂಜಿದ್ದೆ, ಅಷ್ಟೇ.

ಸಾವಂತ್ರಿಯ ಮದುವೆಯಾಗಿ ಏಳನೆಯ ವರ್ಷ ರೀಲುಗಳು ಬರುವುದು ನಿಲ್ಲುತ್ತಾ ಬಂತು. ರೀಲಿಲ್ಲದೆ, ಡಿಶ್ ಮೂಲಕ ಸಿನಿಮಾ ಆಕಾಶದಿಂದ ಬರುವ ಹೊಸ ಮಷಿನ್ ಹಾಕಿಸುವುದೆಂದು ಶಿವಯೋಗೆಪ್ಪನವರು ನಿರ್ಧರಿಸಿದರು. ಹಳೆಯದನ್ನು ಬಿಚ್ಚಿ ಒಯ್ಯುವವರಿಗೆ ಹದಿನೈದು ದಿನ ಬಿಟ್ಟು ಬರಲು ಹೇಳಿದ್ದರು. ಹೊಸದರಲ್ಲಿ ಸತ್ತವರು ಬರುತ್ತಾರೋ ಇಲ್ಲವೋ ಎಂದು ಊರಲ್ಲಿ ಚರ್ಚೆ ನಡೆಯುತ್ತಿತ್ತು. ನನಗೆ ಬೇರೆ ಚಿಂತೆ. ಆ ಮಷಿನ್ ಹೋದರೆ ನನ್ನ ಡಬ್ಬಿಯಲ್ಲಿದ್ದದ್ದನ್ನು ಯಾರಿಗೂ ತೋರಿಸಲು ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಮ್ಯಾಟಿನಿ ನಡೆಯುತ್ತಿದ್ದಾಗ, ರೀಲು ಬದಲಿಸಿ ಕೆಳಗಿಳಿದೆ. ಕಸ್ತೂರವ್ವ ಮೆಟ್ಟಿಲ ಮೇಲೆ ಕುಳಿತು ಹರಿದ ಟಿಕೇಟಿನ ಚೂರುಗಳನ್ನು ಗುಡಿಸಿ ಒಂದೆಡೆ ಮಾಡುತ್ತಿದ್ದಳು. ಎರಡು ಮೆಟ್ಟಿಲು ಕೆಳಗೆ ನಿಂತು ಎಲ್ಲವನ್ನೂ ಹೇಳಿದೆ. ನಿಲ್ಲಿಸದೆ ಹೇಳಿದೆ. ಅವಳು ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ಏನ ಉಟ್ಟಿದ್ದ?" ಎಂದು ಕೇಳಿದಳು.

"ಬಿಳಿ ಅಂಗಿ, ಧೋತ್ರ. ಹೆಗಲ ಮ್ಯಾಲ ಟವೆಲ್."

"ಸೊರಗಿದ್ದನೇನು?"

"ಇಲ್ಲ. ತಲಿ ಬೆಳ್ಳಗಾಗಿತ್ತು."

"ಸೋಮಾರ ಮದುವಿ ಇತ್ತು, ಖರೆ. ಮಂಗಳಾರ ತೋರಸಬಹುದಿತ್ತಲ್ರಿ ಅಣ್ಣಾರ."

"ಮಂಗಳಾರ ನೀವು ಹೋಳಿಗಿ ತಂದ್ರಿ" ಎಂದೆ. ಹೇಳಿದ ಮೇಲೆ ಅದು ಎಂಥ ಉತ್ತರ ಎಂದು ನನಗೇ ನಾಚಿಕೆಯಾಯಿತು.

ಅವಳು ಕೈಯಲ್ಲಿದ್ದ ಚೂರುಗಳನ್ನು ಕೆಳಗೆ ಬಿಟ್ಟಳು. "ಏಳು ವರ್ಷ ನಾ ಪ್ರತಿ ಶುಕ್ಕರವಾರ ಮ್ಯಾಲ ನೋಡಿ ಬಂದಿಲ್ಲ ಅಂತಿದ್ದೆ. ನೀವು ಹೌದವಾ ಅಂತಿದ್ರಿ" ಎಂದಳು. ದನಿ ಏರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ನಾನು, ಯಾವ ದಿನ ಹೇಳಿದರೂ ಬೆಳಿಗ್ಗೆ ಅವಳೊಬ್ಬಳಿಗೇ ಹಾಕಿ ತೋರಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿದಳು. "ನಾ ಒಬ್ಬಾಕಿ ನೋಡಿದ್ರ ಅದು ಕನಸು ಬಿದ್ದಂಗ. ಊರ ಮುಂದ ಹಾಕ್ರಿ. ಯಾಕ ತಡ ಆತು ಅನ್ನೂದನ್ನೂ ನೀವ ಹೇಳ್ರಿ."

ಶಿವಯೋಗೆಪ್ಪನವರು ಕೇಳಿ ಕಣ್ಣು ಮುಚ್ಚಿಕೊಂಡರು. "ಸಿನಿಮಾ ಕತ್ತರಿಸೋದು ನಮ್ಮ ಕೆಲಸಲ್ಲೋ" ಎಂದರು. ಆಮೇಲೆ ಶುಕ್ರವಾರದ ಮ್ಯಾಟಿನಿಗೆ ಮುಂಚೆ ತೋರಿಸಲು ಒಪ್ಪಿದರು. ವಿರೂಪಾಕ್ಷಿಗೆ ಹೇಳುವುದು ಉಳಿದಿತ್ತು. ಅವನು ಕ್ಯಾಬಿನ್ನಿಗೆ ಬಂದು, ಖಾಲಿ ರೀಲುಗಳ ಮೇಲೆ ಕುಳಿತು ಕೇಳಿಸಿಕೊಂಡ. "ಐದು ವರ್ಷ ಆತು ನಾ ಕೇಳಿ, ಮೌನೇಶ. ಐದು ವರ್ಷ ದಿನಾ ನನ್ನ ಕೂಡ ಚಾ ಕುಡದಿ" ಎಂದ. ಎದ್ದು ಹೋದ. ಅವನು ಕೂಗಲಿಕ್ಕಿಲ್ಲ ಎಂದುಕೊಂಡೆ. ಸಂಜೆ ನಮ್ಮ ಓಣಿಯಲ್ಲೇ ಜಟಕಾ ನಿಂತಿತು. "ಶುಕ್ರವಾರ ಮ್ಯಾಟಿನಿ! ಎಲ್ಲಾರೂ ಬರ್ರಿ! ಒಂದು ಸ್ಟೇಷನ್ನು, ಬರೇ ಎಂಟು ಸೆಕೆಂಡ! ಲೇಟ್ ಮಾಡಬ್ಯಾಡ್ರಿ!" ಅವನ ದನಿಯಲ್ಲಿ ಎಂದಿನ ಏರಿಳಿತ ಇರಲಿಲ್ಲ.

ಸುದ್ದಿ ಹರಡಿದ ಮೇಲೆ ಮೂರು ಮನೆಯವರು ನನ್ನನ್ನು ಹುಡುಕಿಕೊಂಡು ಬಂದರು. ಅವರ ಸತ್ತವರು ಯಾವ ಸಿನಿಮಾದಲ್ಲೂ ಬಂದಿರಲಿಲ್ಲ. ಹಾಗೆ ಆಗುವುದೂ ಇತ್ತು. ಊರು ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಗಿರಣಿ ಓಣಿಯ ದಾಕ್ಷಾಯಣಿ ನನ್ನ ಹೊಸ್ತಿಲಲ್ಲಿ ನಿಂತು, "ನಮ್ಮವ್ವಗ ನಾಲ್ಕು ವರ್ಷ ದಾರಿ ನೋಡೀನಿ. ಅಕೀನ್ನೂ ನೀನ ಕತ್ತರಿಸಿದ್ಯಾ?" ಎಂದಳು. ಇಲ್ಲ ಎಂದೆ. ದೇವರ ಆಣೆ ಇಟ್ಟೆ. ಅವಳು ನಂಬಲಿಲ್ಲ. ನಂಬಬೇಕಾದ ಕಾರಣವೂ ಇರಲಿಲ್ಲ. ನನ್ನ ಹೆಂಡತಿ ಆ ವಾರವೆಲ್ಲ ನನಗೆ ಊಟ ಬಡಿಸಿ ಒಳಗೆ ಹೋಗಿ ಕೂರುತ್ತಿದ್ದಳು.

ಶುಕ್ರವಾರ ಟಾಕೀಸು ತುಂಬಿ, ಜನ ಗೋಡೆಗೆ ಆತು ನಿಂತಿದ್ದರು. ನಾನು ಪರದೆಯ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ನಾಲ್ಕು ಮಾತಿನಲ್ಲಿ ಮುಗಿಯಿತು. ಹಿಂದಿನ ಸಾಲಿನಿಂದ ಯಾರೋ ಬೈದರು. ಕಸ್ತೂರವ್ವ ಮಗಳು ಸಾವಂತ್ರಿಯ ಪಕ್ಕದಲ್ಲಿ, ಬಾಲ್ಕನಿಯ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಅವಳು ಆ ಟಾಕೀಸಿನ ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡದ್ದು ಅದೇ ಮೊದಲು. ವಿರೂಪಾಕ್ಷಿ ಗಂಡಸರ ಬಾಗಿಲಲ್ಲಿ ನಿಂತಿದ್ದ, ಒಳಗೂ ಅಲ್ಲ ಹೊರಗೂ ಅಲ್ಲ.

ಮೇಲೆ ಬಂದು ಮಷಿನ್ ಶುರು ಮಾಡಿದೆ. ಸುರುಳಿಯ ಎರಡೂ ತುದಿಗೆ ಖಾಲಿ ರೀಲು ಜೋಡಿಸಿ ಇಟ್ಟಿದ್ದೆ. ಪರದೆ ಬೆಳ್ಳಗಾಯಿತು, ಕಪ್ಪಾಯಿತು, ಆಮೇಲೆ ಸ್ಟೇಷನ್ನು. ನಾಯಕ ಸೂಟ್‌ಕೇಸು ಹಿಡಿದು ಬಂದ. ಒಬ್ಬ ಕೂಲಿ ಟ್ರಂಕು ಹೊತ್ತು ಅಡ್ಡ ಹಾಯ್ದ. ಎಡಕ್ಕೆ ನಲ್ಲಿ. ನಲ್ಲಿಯಿಂದ ನೀರು ಸುರಿಯುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ನಾನು ಕಿಂಡಿಗೆ ಮುಖ ಒತ್ತಿ ನೋಡಿದೆ. ಸುರಿಯುವ ನೀರು, ಒದ್ದೆ ಕಲ್ಲು, ಅಷ್ಟೇ. ಎಂಟು ಸೆಕೆಂಡು ಆಯಿತು. ಪರದೆ ಮತ್ತೆ ಬೆಳ್ಳಗಾಯಿತು.

ಪೆಟ್ಟಿಗೆ ಊರು ಬಿಟ್ಟರೆ ಅವರೂ ಹೋಗುತ್ತಾರೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ತುಂಡು ಇಲ್ಲೇ ಉಳಿದಿದೆಯಲ್ಲ, ಅವನೂ ಉಳಿದಿರಬಹುದು ಎಂದು ನಂಬಿಕೊಂಡಿದ್ದೆ. ದೀಪ ಹಾಕಿದೆ. ಆಮೇಲೆ ಕೆಳಗೆ ಒಬ್ಬ, "ಎಲ್ಲೈತಿ? ಯಾರೂ ಇಲ್ಲಲ್ಲ!" ಎಂದ. ಗುಜುಗುಜು ಎದ್ದಿತು. ಸುಳ್ಳ ಎಂಬ ಮಾತು ಕೇಳಿಸಿತು. ಸಾವಂತ್ರಿ ತಾಯಿಯ ತೋಳು ಹಿಡಿದಿದ್ದಳು.

ಕಸ್ತೂರವ್ವ ಮಗಳ ಕೈ ಬಿಡಿಸಿಕೊಂಡು ಎದ್ದು ನಿಂತಳು. ಬಾಲ್ಕನಿಯ ಕಟಾಂಜನ ಹಿಡಿದು ಕೆಳಗಿನ ಜನರನ್ನು ನೋಡಿದಳು. "ಇದ್ದ. ನಲ್ಲಿ ಹತ್ರ ಇದ್ದ. ನೀರು ಕುಡಿದು ಬಾಯಿ ಒರಸ್ಕೊಂಡ. ತಲಿ ಪೂರಾ ಬೆಳ್ಳಗಾಗೇತಿ" ಎಂದಳು. "ನೀವ್ಯಾರೂ ನೋಡಲಿಲ್ಲೇನು?"

ಪರದೆ ಖಾಲಿಯಾಗಿತ್ತು, ಜನ ಅದನ್ನೇ ನೋಡುತ್ತಿದ್ದರು. ಆಗ ಹೆಂಗಸರ ಸಾಲಿನ ನಡುವಿನಿಂದ ದಾಕ್ಷಾಯಣಿ ಎದ್ದಳು. ನನ್ನ ಹೊಸ್ತಿಲಲ್ಲಿ ನಿಂತು ಬೈದು ಹೋದವಳು. "ನಾ ನೋಡಿದೆ" ಎಂದಳು. "ಹೆಗಲ ಮ್ಯಾಲ ಟವೆಲ್ ಇತ್ತು." ಅವಳ ಪಕ್ಕದವಳು ಹೌದೆಂದಳು. ಗಂಡಸರ ಕಡೆಯಿಂದ ಒಬ್ಬ ಮುದುಕ, "ಫಕೀರಪ್ಪನ, ಸಂಶಯ ಇಲ್ಲ. ನನ್ನ ಕೂಡ ಹಮಾಲಿ ಮಾಡಿದಾಂವ, ನನಗ ಗೊತ್ತಾಗೂದಿಲ್ಲೇನು?" ಎಂದ. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಕಡೆಯಿಂದಲೂ ದನಿ ಬಂತು. ಮೊದಲು ಕೇಳಿದವನೂ, "ನಾ ಅತ್ಲಾಗ ನೋಡಾಕತ್ತಿದ್ದೆ, ತಪ್ಪಿತು" ಎಂದು ಕುಳಿತುಕೊಂಡ. ಸಾವಂತ್ರಿ ಅಳಲು ಶುರು ಮಾಡಿದಳು. ಕಸ್ತೂರವ್ವ ನಿಂತಲ್ಲೇ, ಯಾರ ಸಹಾಯವೂ ಇಲ್ಲದೆ, ಕೈಯ ಬಳೆಗಳನ್ನು ಒಂದೊಂದಾಗಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಳು. ನಾನು ಆ ದಿನದ ಸಿನಿಮಾ ಶುರು ಮಾಡಿದೆ.

ಇಂಟರ್‌ವಲ್ಲಿನಲ್ಲಿ ಅವಳು ಕ್ಯಾಬಿನ್ನಿಗೆ ಹತ್ತಿ ಬಂದಳು. ಬಾಗಿಲಲ್ಲೇ ನಿಂತು, "ನಿಮಗ ಕಂಡನೇನು?" ಎಂದು ಕೇಳಿದಳು.

ಕಂಡ ಎನ್ನಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. "ಇಲ್ಲ" ಎಂದೆ.

"ನನಗೂ ಕಾಣಲಿಲ್ಲ." "ಅವತ್ತು ಖರೇನ ನೋಡಿದ್ರೇನ್ರಿ?" ಎಂದಳು.

"ನೋಡಿದೆ. ಮೂರು ಸಲ ನೋಡಿದೆ."

ಅವಳು ನನ್ನ ಮುಖವನ್ನು ದಿಟ್ಟಿಸಿದಳು. ಪತ್ತಾರರ ಅಂಗಡಿಯಲ್ಲಿ ಹೆಂಗಸರು ಒರೆಗಲ್ಲನ್ನು ಹಾಗೆ ನೋಡುವುದನ್ನು ಕಂಡಿದ್ದೇನೆ. "ಸಾಕ ಬಿಡ್ರಿ" ಎಂದಳು. ಕೆಳಗೆ ಇಳಿದು, ಹೆಂಗಸರ ಬಾಗಿಲಿಗೆ ಹೋಗದೆ, ಅಂಗಳ ದಾಟಿ ಜಟಕಾ ನಿಂತಿದ್ದ ಕಡೆ ನಡೆದಳು. ವಿರೂಪಾಕ್ಷಿ ಮೈಕಿನ ವಾಯರು ಸುತ್ತುತ್ತಿದ್ದವನು ಕೈ ನಿಲ್ಲಿಸಿದ. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಇಂಟರ್‌ವಲ್ ಬೆಲ್ ಹೊಡೆಯಿತು. ನಾನು ರೀಲು ಹಾಕಬೇಕಾಗಿತ್ತು.

ಹತ್ತು ದಿನಕ್ಕೆ ಅವರ ಮದುವೆಯಾಯಿತು. ಸಾವಂತ್ರಿ ಎದುರಿಗೆ ನಿಂತು ನಡೆಸಿದಳಂತೆ; ಓಣಿಯವರೆಲ್ಲ ಹೋಗಿದ್ದರು, ನನ್ನ ಹೆಂಡತಿಯೂ. ನನಗೆ ಕರೆ ಬಂದಿರಲಿಲ್ಲ. ಹೇಗೂ ಅಂದು ಮಷಿನ್ ಬಿಚ್ಚುವವರು ಬಂದಿದ್ದರು, ನಾನು ಜೊತೆಗೆ ಇರಬೇಕಾಗಿತ್ತು. ಅವರು ಒಂದೊಂದೇ ಭಾಗ ಬಿಚ್ಚಿ ಗೋಣಿಯಲ್ಲಿ ಸುತ್ತಿ ಲಾರಿಗೆ ಹಾಕಿದರು. ಸಂಜೆ ಹೆಂಡತಿ ಬಂದು, ಊಟಕ್ಕೆ ಏನೇನಿತ್ತು ಎಂದು ಹೇಳಿದಳು. ಸುದ್ದಿ ಹರಡಿದ ಮೇಲೆ ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ನಾನು ಪೂರ್ತಿ ಕೇಳಿಸಿಕೊಂಡೆ.